ಓಡಿದವರ ಕಥೆ, ಕೂತವರ ಬರಹ

ಸ್ಕಿಪೋಲ್

ಓಡಿಹೋದವರ ಬಗ್ಗೆ ಮಾತಾಡಲು ಬಂದಿದ್ದೇನೆ ಎಂದು ಗಡಿ ಅಧಿಕಾರಿಗೆ ನಾನು ಹೇಳಬಾರದಿತ್ತು. ಗಾಜಿನ ಹಿಂದೆ ಕೂತಿದ್ದ ಎಳೆಗಡ್ಡದವನು ಪಾಸ್‌ಪೋರ್ಟಿನಿಂದ ತಲೆಯೆತ್ತಿ, ಇನ್ನೊಮ್ಮೆ ಹೇಳಿ ಎಂದ. ಪ್ರಾಚೀನ ರೋಮಿನ ಇತಿಹಾಸಕಾರರು ಪಲಾಯನವನ್ನು ಹೇಗೆ ಬರೆದಿದ್ದಾರೆ ಎಂಬ ಬಗ್ಗೆ ದ ಹೇಗ್‌ನಲ್ಲಿ ಎರಡು ದಿನದ ವಿಚಾರ ಸಂಕಿರಣವಿದೆ, ಅದರಲ್ಲಿ ನನ್ನದೂ ಒಂದು ಪ್ರಬಂಧವಿದೆ ಎಂದು ವಿವರಿಸಿದೆ.

"ಓಡಿ ಎಲ್ಲಿಗೆ ಹೋದರು?" ಎಂದು ಕೇಳಿದ.

"ಹೆಚ್ಚಿನವರು ಎಲ್ಲಿಗೂ ತಲುಪಲಿಲ್ಲ" ಎಂದೆ.

"ನೀವು ವಾಪಸ್ ಹೋಗುತ್ತೀರಾ?"

ನಾನು ಅವನನ್ನೇ ನೋಡಿದೆ. ಗದಗಿನ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಒಂದೇ ಕೋಣೆಯಲ್ಲಿ ಇತಿಹಾಸ ಪಾಠ ಮಾಡುತ್ತಿರುವವಳು ನಾನು. ಧಾರವಾಡದಲ್ಲಿ ಹುಟ್ಟಿದ ಮನೆಯಲ್ಲೇ ಇದ್ದು ದಿನಾ ರೈಲಿನಲ್ಲಿ ಹೋಗಿಬರುತ್ತೇನೆ. ಬಲಗಾಲಿನ ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ನಾನು ಹಾಲೆಂಡಿನ ಜನಸಂದಣಿಯಲ್ಲಿ ಮಾಯವಾಗಿಬಿಡಬಹುದೆಂದು ಇವನಿಗೆ ಅನುಮಾನ. ಅಷ್ಟು ಧೈರ್ಯ ನನ್ನಲ್ಲಿದ್ದೀತೆಂದು ಅನುಮಾನಿಸಿದವರಲ್ಲಿ ಇವನೇ ಮೊದಲಿಗ. ಬೈಯುವುದೋ ಕೃತಜ್ಞತೆ ಹೇಳುವುದೋ ತಿಳಿಯದೆ ವಾಪಸಿನ ಟಿಕೆಟ್ ತೋರಿಸಿದೆ. ಠಸ್ಸೆ ಬಿತ್ತು.

ನನಗೂ ರೋಮಿಗೂ ಏನು ಸಂಬಂಧ ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಒಂದು ಕಪಾಟಿತ್ತು. ಅದರೊಳಗೆ ರೋಮಿನ ಹಳೆಯ ಇತಿಹಾಸಗಳ ಇಂಗ್ಲಿಷ್ ಅನುವಾದಗಳಿದ್ದವು. ಸ್ಟಾಫ್ ರೂಮಿನ ಮಾತುಕತೆಗಿಂತ ಅವು ವಾಸಿ ಎಂದು ಓದತೊಡಗಿದೆ. ಮೊದಲು ಗೌರವದಿಂದ ಓದಿದೆ. ಆಮೇಲೆ ಸಿಟ್ಟಿನಿಂದ. ಸಿಟ್ಟಿನ ಓದಿನಿಂದಲೇ ಪ್ರಬಂಧ ಹುಟ್ಟಿತು.

ಆಲ್ಮೆರೆ

ಇಳಿದುಕೊಂಡದ್ದು ಆಲ್ಮೆರೆಯಲ್ಲಿ, ನನ್ನ ಸಹೋದ್ಯೋಗಿಯೊಬ್ಬರ ಸೊಸೆ ಮೇಘನಾಳ ಮನೆಯಲ್ಲಿ. ಬೆಂಗಳೂರಿನ ಹುಡುಗಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಸಾಫ್ಟ್‌ವೇರ್ ಕೆಲಸ. ಗಂಡ ಆಫೀಸಿನ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದ. ಮನೆಯಲ್ಲಿ ಅವಳು ಮತ್ತು ಆರು ವರ್ಷದ ಮಗಳು ಅನ್ವಿ.

ಆಲ್ಮೆರೆ ಇರುವ ಜಾಗ ನನ್ನ ಅಪ್ಪನ ಕಾಲದಲ್ಲಿ ನೀರಿನ ತಳವಾಗಿತ್ತಂತೆ. ನೀರು ಬಸಿದು, ನೆಲ ಒಣಗಿಸಿ, ಸಾಬೂನಿನ ಪೆಟ್ಟಿಗೆಗಳನ್ನು ಜೋಡಿಸಿದ ಹಾಗೆ ಮನೆಗಳನ್ನು ಜೋಡಿಸಿದ್ದಾರೆ. ಇತಿಹಾಸದ ಮೇಷ್ಟರಿಗೆ ಇತಿಹಾಸವೇ ಇಲ್ಲದ ಊರಲ್ಲಿ ವಸತಿ. ಕಿಟಕಿಗಳು ಗೋಡೆಯಷ್ಟು ದೊಡ್ಡವು, ಆದರೆ ಪರದೆ ಇಲ್ಲ. ಬೀದಿಯಲ್ಲಿ ಹೋಗುವವರಿಗೆಲ್ಲ ಒಳಗಿನವರು ಏನು ತಿನ್ನುತ್ತಿದ್ದಾರೆಂದು ಕಾಣುತ್ತದೆ, ಆದರೆ ಯಾರೂ ನೋಡುವುದಿಲ್ಲ. ನಮ್ಮ ಓಣಿಯಲ್ಲಿ ಕಿಟಕಿಗೆ ಎರಡು ಪದರ ಪರದೆ ಇರುತ್ತದೆ. ಆದರೂ ಒಳಗೆ ಒಗ್ಗರಣೆಗೆ ಏನು ಬಿತ್ತೆಂದು ನಾಲ್ಕು ಮನೆಗೆ ಗೊತ್ತಿರುತ್ತದೆ.

ಅನ್ವಿ ನನ್ನ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

"ಅಜ್ಜಿ, ವಾಟ್ ಡು ಯು ಡು?"

"ಓಡಿಹೋದವರ ಕಥಿ ಓದ್ತೀನಿ."

"ವಾಯ್ ಡಿಡ್ ದೆ ರನ್?"

"ಹೆದರಿ ಓಡಿದ್ರು. ಕೊಲ್ಲಲಿಕ್ಕೆ ಬಂದಿದ್ರಲ್ಲ, ಅದಕ್ಕ."

ಅವಳು ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಳ್ಳುತ್ತ, "ಝೀಲಿಗ್" ಎಂದಳು. ಇಲ್ಲಿನ ಮಕ್ಕಳಿಗೆ ಬೆಳಗಿನ ತಿಂಡಿಯೆಂದರೆ ಇದೇ. ನಮ್ಮಲ್ಲಿ ಹುಟ್ಟುಹಬ್ಬಕ್ಕೂ ಇಷ್ಟು ಸಿಹಿ ಕೊಡುವುದಿಲ್ಲ.

"ಏನಂದ್ಳು?" ಎಂದು ಮೇಘನಾಳನ್ನು ಕೇಳಿದೆ.

"ಡಚ್ ಆಂಟಿ. 'ಪಾಪ' ಅಂತಾರಲ್ಲ, ಹಾಗೆ."

ನೂರಾರು ಪುಟ ಓದಿದ್ದೇನೆ. ಓಡುವವನನ್ನು ಕಂಡು ಹೀಗೆ ಮರುಗಿದ ರೋಮನ್ ಇತಿಹಾಸಕಾರರು ಬೆರಳೆಣಿಕೆಗೂ ಸಿಗಲಿಲ್ಲ. ಆರು ವರ್ಷದ ಹುಡುಗಿ ಬಾಯಲ್ಲಿ ಚಾಕೊಲೇಟ್ ಇಟ್ಟುಕೊಂಡು ಆ ಮಾತು ಹೇಳಿಬಿಟ್ಟಳು.

ಮೇಘನಾ ಲ್ಯಾಪ್‌ಟಾಪ್ ಮುಚ್ಚುತ್ತ, "ಆಂಟಿ, ನಿಮ್ಮ ಟಾಕ್‌ದು ಪೋಸ್ಟರ್ ನಮ್ಮ ಕನ್ನಡ ಗ್ರೂಪ್‌ನಲ್ಲಿ ಹಾಕಿದೀನಿ. ಓಪನ್ ಸೆಷನ್ ಅಲ್ವಾ?" ಎಂದಳು.

"ಯಾರ್ ಬರ್ತಾರವಾ, ರೋಮನ್ನರ ಬಗ್ಗೆ ಕೇಳ್ಲಿಕ್ಕೆ?"

"ಯಾರಾದ್ರೂ ಬರ್ತಾರೆ. ದ ಹೇಗ್ ಕಡೆ ನಮ್ಮವರು ತುಂಬಾ ಜನ ಇದಾರೆ. ನಿಮ್ಮ ಫುಲ್ ನೇಮ್, ಧಾರವಾಡ ಅಂತ ಎಲ್ಲಾ ಹಾಕಿದೀನಿ."



ದ ಹೇಗ್

ಸಂಕಿರಣ ನಡೆದದ್ದು ಕಾಲುವೆಯ ಪಕ್ಕದ ಹಳೆಯ ಕಟ್ಟಡದಲ್ಲಿ. ಮೂವತ್ತು ಜನ ಪಂಡಿತರು. ಅವರಲ್ಲಿ ಒಬ್ಬರೂ ಬಸ್ಸು ಹಿಡಿಯಲಿಕ್ಕಾದರೂ ಓಡಿದ್ದಂತೆ ಕಾಣಲಿಲ್ಲ. ಉದ್ದ ಕತ್ತಿನ ಒಬ್ಬ ಪ್ರಾಧ್ಯಾಪಕ, 'ಓಡು', 'ಜಾರಿಕೊಳ್ಳು', 'ಹಿಂದೆ ಸರಿ' ಎಂಬ ಮೂರು ಕ್ರಿಯಾಪದಗಳ ನಡುವಿನ ವ್ಯತ್ಯಾಸವನ್ನು ಮುಕ್ಕಾಲು ಗಂಟೆ ವಿವರಿಸಿದ. ವ್ಯತ್ಯಾಸ ನನಗೆ ಮೊದಲೇ ಗೊತ್ತಿತ್ತು. ವೈರಿಯ ಸೈನ್ಯ ಓಡಿತು. ನಮ್ಮ ಸೈನ್ಯ ಹಿಂದೆ ಸರಿಯಿತು. ನಮ್ಮ ಸೇನಾಪತಿ ಜಾರಿಕೊಂಡ. ಇದನ್ನು ತಿಳಿಯಲು ಲ್ಯಾಟಿನ್ ಬೇಕಿಲ್ಲ, ಯಾವ ದೇಶದ ದಿನಪತ್ರಿಕೆಯಾದರೂ ಸಾಕು.

ಮಧ್ಯಾಹ್ನ ಊಟ ಎಂದು ಕರೆದರು. ಹೋದರೆ ಬ್ರೆಡ್ಡು, ಅದರ ಮೇಲೆ ಒಂದು ಹಾಳೆ ಚೀಸು. ಕುಡಿಯಲು ಮಜ್ಜಿಗೆ. ಮಜ್ಜಿಗೆಯೆಂದು ಸಂತೋಷಪಟ್ಟು ಬಾಯಿಗಿಟ್ಟೆ. ಅದಕ್ಕೆ ಉಪ್ಪಿಲ್ಲ, ಇಂಗಿಲ್ಲ, ಕರಿಬೇವಿನ ಸುಳಿವಿಲ್ಲ. ಉಪ್ಪು ಕೇಳಿದೆ. ಬಡಿಸುತ್ತಿದ್ದಾಕೆ ನಾನು ಹಾಲಿಗೆ ಖಾರದಪುಡಿ ಕೇಳಿದೆನೆಂಬಂತೆ ನೋಡಿದಳು. ಕ್ರಿಯಾಪದದ ಪ್ರಾಧ್ಯಾಪಕ ಪಕ್ಕದಲ್ಲಿ ನಿಂತು, "ನೀವು ಮೂಲದಲ್ಲಿ ಓದಿದ್ದೀರಾ, ಅನುವಾದದಲ್ಲೋ?" ಎಂದು ಬಹಳ ಮೃದುವಾಗಿ ಕೇಳಿದ. ಅನುವಾದದಲ್ಲಿ ಎಂದೆ. "ಆಹ್" ಎಂದ. ಆ 'ಆಹ್' ಒಂದು ಇಡೀ ವಿಮರ್ಶೆಯಾಗಿತ್ತು.

ಮಧ್ಯಾಹ್ನದ ನಂತರ ನನ್ನ ಸರದಿ. ನನ್ನ ವಾದ ದೊಡ್ಡದೇನಲ್ಲ. ಒಬ್ಬ ಚಕ್ರವರ್ತಿಯ ಕೊನೆಯ ದಿನವನ್ನು ಅವರು ಹೇಗೆ ಬರೆದಿದ್ದಾರೆ ನೋಡಿ. ವೈರಿಗಳು ಊರೊಳಗೆ ನುಗ್ಗಿದ್ದಾರೆ. ಅವನು ಕಾವಲುಗಾರನ ಕೋಣೆಯಲ್ಲಿ ಅಡಗಿಕೊಂಡು, ಬಾಗಿಲ ಹೊರಗೆ ನಾಯಿ ಕಟ್ಟಿ, ಒಳಗಿನಿಂದ ಮಂಚ ಹಾಸಿಗೆ ಒತ್ತಿ ನಿಲ್ಲಿಸಿದನಂತೆ. ಇನ್ನೊಬ್ಬ ಚಕ್ರವರ್ತಿ ಬರಿಗಾಲಲ್ಲಿ, ಮಾಸಿದ ಮೇಲುಹೊದಿಕೆಯಲ್ಲಿ, ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ಕುದುರೆಯೇರಿ ಹೋಗಿ, ಮುಳ್ಳುಗಿಡದೊಳಗೆ ನುಸುಳಿ, ಹೊಂಡದ ನೀರು ಬೊಗಸೆಯಲ್ಲಿ ಕುಡಿದನಂತೆ. ಒಬ್ಬ ಮುದಿ ಸೇನಾಪತಿ ಜವುಗಿನಲ್ಲಿ ಕುತ್ತಿಗೆಮಟ್ಟ ಕೆಸರಲ್ಲಿ ಕೂತಿದ್ದನಂತೆ. ಸರಿ. ಒಳಗಿನಿಂದ ಮಂಚ ಒತ್ತಿ ನಿಲ್ಲಿಸಿದಾಗ ಕೋಣೆಯಲ್ಲಿ ಇದ್ದವನು ಅವನೊಬ್ಬನೇ. ನೋಡಿದವರು ಯಾರು? ಬರೆದವನು ತನ್ನ ತೋಟದ ಮನೆಯಲ್ಲಿ, ಹೊಟ್ಟೆ ತುಂಬಿದ ಮೇಲೆ, ಎಷ್ಟೋ ವರ್ಷದ ನಂತರ ಬರೆದ. ಓಡುವವನ ಕೈಯಲ್ಲಿ ಲೇಖನಿ ಇರುವುದಿಲ್ಲ. ಕೂತವನ ಕೈಯಲ್ಲಿ ಇರುತ್ತದೆ. ಅವನು ಓಡಿದವನ ಕಾಲಿನ ಚಪ್ಪಲಿ ಕಳಚುತ್ತಾನೆ, ಬಟ್ಟೆ ಮಾಸುವಂತೆ ಮಾಡುತ್ತಾನೆ, ಕೆಸರು ಬಳಿಯುತ್ತಾನೆ. ಓಡಿದವನು ಸಣ್ಣವನಾದಷ್ಟೂ ಕೂತವನು ದೊಡ್ಡವನಾಗಿ ಕಾಣುತ್ತಾನೆ.

ಇಷ್ಟು ಓದಿ ತಲೆಯೆತ್ತಿದೆ. ಮೂರನೆಯ ಸಾಲಿನಲ್ಲಿ, ಮಡಿಲಲ್ಲಿ ಮಳೆಯಂಗಿ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ನೆರೆತ ಕೂದಲನ್ನು ಗಿಡ್ಡವಾಗಿ ಕತ್ತರಿಸಿದ್ದಳು. ನಮ್ಮ ಕಡೆಯ ಮುಖ. ಎಡಗಡೆ ಹುಬ್ಬಿನ ಮೇಲೆ ಒಂದು ಗೆರೆಯಷ್ಟು ಹಳೆಯ ಗಾಯ. ಆ ಗಾಯ ಯಾವ ದಿನ ಆಯಿತು, ಯಾರಿಂದ ಆಯಿತು ಎಂದು ನನಗೆ ಗೊತ್ತಿತ್ತು. ಸುಧಾ ವೈನಿ. ಅಣ್ಣನ ಹೆಂಡತಿಯನ್ನು ನಮ್ಮಲ್ಲಿ ವೈನಿ ಎನ್ನುತ್ತಾರೆ. ಮೂವತ್ತೆರಡು ವರ್ಷದ ಹಿಂದೆ ನಮ್ಮ ಮನೆಯಿಂದ ಓಡಿಹೋದವಳು.

ಉಳಿದ ಎರಡು ಪುಟ ಹೇಗೆ ಓದಿದೆನೋ ನೆನಪಿಲ್ಲ. ಚಪ್ಪಾಳೆ ಬಿತ್ತು. ಕ್ರಿಯಾಪದದವನು ಏನೋ ಕೇಳಿದ, ನಾನು ಏನೋ ಹೇಳಿದೆ. ಆಮೇಲೆ ಮೂರನೆಯ ಸಾಲಿನಿಂದ ಕೈ ಮೇಲೆದ್ದಿತು.

"ಒಂದು ಪ್ರಶ್ನೆ" ಎಂದಳು ಶಾಂತವಾದ ಇಂಗ್ಲಿಷಿನಲ್ಲಿ. "ಅಡಗಿಕೊಂಡವರನ್ನು ತೋರಿಸಿಕೊಟ್ಟ ಮನೆಯ ಜನ ಇರುತ್ತಾರಲ್ಲ. ಅವರಿಗೆ ರೋಮನ್ನರು ಏನು ಮಾಡುತ್ತಿದ್ದರು?"

ಉತ್ತರ ನನಗೆ ಬಾಯಿಪಾಠವಿತ್ತು. "ಒಬ್ಬ ಆಳಿನ ಕಥೆಯಿದೆ" ಎಂದೆ. "ಒಡೆಯ ಎಲ್ಲಿ ಅಡಗಿದ್ದಾನೆಂದು ಹೇಳಿಕೊಟ್ಟ. ಆ ಉಪಕಾರಕ್ಕೆ ಮೊದಲು ಅವನನ್ನು ದಾಸ್ಯದಿಂದ ಬಿಡುಗಡೆ ಮಾಡಿದರು. ಆಮೇಲೆ, ಒಡೆಯನಿಗೆ ದ್ರೋಹ ಮಾಡಿದ್ದಕ್ಕೆ ಬಂಡೆಯ ಮೇಲಿನಿಂದ ತಳ್ಳಿದರು."

ಸಭೆ ನಕ್ಕಿತು. ಅವಳು ನಗಲಿಲ್ಲ. "ಥ್ಯಾಂಕ್ ಯು" ಎಂದು ಕೂತಳು.

ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದಳು.

"ಕುಮುದಾ, ನಿನ್ನ ಇಂಗ್ಲಿಷ್ ಛಲೋ ಆಗೇದ" ಎಂದಳು.

"ವೈನಿ, ನೀವು ಇಲ್ಲೆ..."

"ಇಲ್ಲೆ ರೈಸ್‌ವೈಕ್‌ನ್ಯಾಗ ಇರ್ತೀನಿ. ಗ್ರೂಪಿನ್ಯಾಗ ನಿನ್ನ ಹೆಸರ ನೋಡ್ದೆ." ಚೀಲದಿಂದ ಒಂದು ಡೈರಿ ತೆಗೆದು ಹಾಳೆ ತಿರುವಿದಳು. "ಗುರುವಾರ ಮೂರರಿಂದ ನಾಕೂವರಿ. ಆಗ್ತದ? ಇಲ್ಲೆ ಎಲ್ಲಾದಕ್ಕೂ ಆಫ್‌ಸ್ಪ್ರಾಕ್ ಬೇಕು. ಮೊದಲಽ ಟೈಮ್ ಗೊತ್ತು ಮಾಡಬೇಕು."

ಈ ದೇಶದಲ್ಲಿ ಹೆತ್ತ ತಾಯಿಯನ್ನು ನೋಡಲಿಕ್ಕೂ ಎರಡು ವಾರ ಮೊದಲು ಡೈರಿ ನೋಡುತ್ತಾರೆಂದು ಮೇಘನಾ ಹೇಳಿದ್ದಳು. ಅದನ್ನು ಕೇಳಿ ನಾನು ಹೀಯಾಳಿಸಿದ್ದೆ. ಈಗ ತಲೆಯಾಡಿಸಿದೆ.

ಉಟ್ರೆಕ್ಟ್

ಬುಧವಾರ ಪಂಡಿತರನ್ನೆಲ್ಲ ರೈಲಿನಲ್ಲಿ ಉಟ್ರೆಕ್ಟ್‌ಗೆ ಕರೆದುಕೊಂಡು ಹೋದರು, ರೋಮನ್ ಸಾಮ್ರಾಜ್ಯದ ಗಡಿ ತೋರಿಸಲು. ಇಡೀ ಜಗತ್ತನ್ನು ನಡುಗಿಸಿದ ಗಡಿ ಎಂದರೆ ಚೌಕದ ನೆಲದಲ್ಲಿ ಕೂಡಿಸಿದ ಒಂದು ತುಕ್ಕು ಬಣ್ಣದ ಉಕ್ಕಿನ ಪಟ್ಟಿ. ಕೋಟೆಯ ಗೋಡೆ ಇಲ್ಲಿತ್ತಂತೆ. ನದಿ ಎಲ್ಲಿ ಎಂದು ಕೇಳಿದೆ. ಅದು ಬೇರೆ ಕಡೆ ಹೊರಳಿದೆ, ಉಳಿದದ್ದು ಈ ಕಾಲುವೆ ಎಂದು ತೋರಿಸಿದರು. ನಮ್ಮ ಮಲಪ್ರಭೆಯ ಎಡದಂಡೆ ಕಾಲುವೆ ಇದಕ್ಕಿಂತ ಅಗಲ. ಅದರ ದಂಡೆಯಲ್ಲಿ ಎಮ್ಮೆ ತೊಳೆಯುತ್ತಾರೆ, ಯಾರೂ ಚರಿತ್ರೆ ಬರೆಯುವುದಿಲ್ಲ.

ಮಾರ್ಗದರ್ಶಿ ಒಬ್ಬ ನಿವೃತ್ತ, ಎತ್ತರದ ಮುದುಕ. ಇಲ್ಲಿನ ಬುಡಕಟ್ಟಿನವರು ದಂಗೆಯೆದ್ದಾಗ ರೋಮನ್ ಅಧಿಕಾರಿಗಳು ತಮ್ಮ ಕೋಟೆಗಳಿಗೆ ತಾವೇ ಬೆಂಕಿ ಹಚ್ಚಿ ಹೊರಟುಹೋದರು ಎಂದ. "ಕಾಯಲು ಸಾಧ್ಯವಿರಲಿಲ್ಲ, ಅದಕ್ಕೆ" ಎಂದು ಕ್ರಿಯಾಪದದವನು ಗಂಭೀರವಾಗಿ ಸೇರಿಸಿದ. ಓಡಿದರು ಎನ್ನಲು ಎರಡು ಸಾವಿರ ವರ್ಷದ ಮೇಲೂ ಅವನಿಗೆ ಬಾಯಿ ಬರಲಿಲ್ಲ. ಅದೇ ಹೊತ್ತಿಗೆ ಹಿಂದಿನಿಂದ ಸೈಕಲ್ ಗಂಟೆಗಳು ಮೊಳಗಿದವು. ನಾವು ನಿಂತಿದ್ದದ್ದು ಸೈಕಲ್ ದಾರಿಯ ಮೇಲೆ. ಇಲ್ಲಿ ಸೈಕಲ್ಲಿನವರು ಯಾರಿಗೂ ನಿಲ್ಲುವುದಿಲ್ಲ, ತಪ್ಪು ನಮ್ಮದಾದರಂತೂ ಇನ್ನಷ್ಟು ಜೋರಾಗಿ ಬರುತ್ತಾರೆ. ಪಲಾಯನದ ತಜ್ಞರೆಲ್ಲ ದಿಕ್ಕಾಪಾಲಾಗಿ ಓಡಿದರು. ಉದ್ದ ಕತ್ತಿನವನು ಎಲ್ಲರಿಗಿಂತ ಮುಂದಿದ್ದ. ಯಾವ ಕ್ರಿಯಾಪದ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಒಂದು ಬೆಂಚಿನ ಮೇಲೆ ಕೂತೆ. ಮರುದಿನ ಮೂರು ಗಂಟೆಗೆ ವೈನಿಯ ಮುಂದೆ ಕೂಡಬೇಕಿತ್ತು. ನಮ್ಮ ಕುಟುಂಬದಲ್ಲಿ ಅವಳ ಕಥೆಯನ್ನು ಹೇಳುವವಳು ನಾನು. ಮದುವೆ, ಮುಂಜಿ, ಬಾಣಂತನ, ಎಲ್ಲಿ ಹೆಂಗಸರು ಸೇರಿದರೂ ನನ್ನನ್ನು ಕೂಡಿಸಿ ಹೇಳಿಸುತ್ತಾರೆ. ನನಗೆ ಹೇಳುವ ಕಲೆ ಇದೆ ಎಂದು ಹೊಗಳುತ್ತಾರೆ. ಎದುರಿನ ದವಾಖಾನೆಯ ಕಂಪೌಂಡರನ ಜೊತೆ, ಹಿತ್ತಲ ಗೋಡೆ ಹಾರಿ, ಒಂದೇ ಚಪ್ಪಲಿಯಲ್ಲಿ ಓಡಿದಳು. ಇನ್ನೊಂದು ಚಪ್ಪಲಿ ತುಳಸಿಕಟ್ಟೆಯ ಬುಡದಲ್ಲಿ ಬಿದ್ದಿತ್ತು. ಕಥೆಯ ಈ ಜಾಗದಲ್ಲಿ ಎಲ್ಲರೂ ನಗುತ್ತಾರೆ. ಆ ಚಪ್ಪಲಿಯನ್ನು ನಾನೇ ಸೇರಿಸಿದ್ದು, ಯಾವುದೋ ಮದುವೆಯಲ್ಲಿ, ನಗು ಸಾಲದೆಂದು.

ಹೇಳದೆ ಬಿಟ್ಟದ್ದೂ ಒಂದಿದೆ. ವೈನಿ ಎರಡು ಸಲ ಓಡಿದ್ದಳು.

ಅಣ್ಣನ ಕೈ ಬಾಯಿಗಿಂತ ಮುಂದಿತ್ತು. ವೈನಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದವಳು. ಕೆಲಸಕ್ಕೆ ಹೋಗುತ್ತೇನೆ ಎಂದದ್ದಕ್ಕೇ ಆ ಹುಬ್ಬಿನ ಗಾಯ. ಒಂದು ದಿನ ಮುಂಜಾನೆ ಸರ್ಟಿಫಿಕೇಟುಗಳನ್ನು ಸೀರೆಯಲ್ಲಿ ಸುತ್ತಿಕೊಂಡು, "ಬಸ್‌ಸ್ಟ್ಯಾಂಡಿಗೆ ಹೋಗ್ತೀನಿ ಕುಮುದಾ. ಹನ್ನೆರಡರ ತನಕ ಯಾರಿಗೂ ಹೇಳಬ್ಯಾಡ" ಎಂದಳು. ನನಗಾಗ ಇಪ್ಪತ್ತೆರಡು. ಹನ್ನೊಂದಕ್ಕೆ ಅಣ್ಣ ಮರೆತ ಕಾಗದ ಒಯ್ಯಲು ಮನೆಗೆ ಬಂದ. "ನಿಮ್ಮ ವೈನಿ ಎಲ್ಲೆ?" ಎಂದ. ನಾನು ಹೇಳಿದೆ. ಅವನು ಬೈಯಲಿಲ್ಲ, ಹೆದರಿಸಲಿಲ್ಲ. ಕೇಳಿದ, ಹೇಳಿದೆ. ಅಷ್ಟೇ. ಅರ್ಧ ಗಂಟೆಯಲ್ಲಿ ಅವಳನ್ನು ರಟ್ಟೆ ಹಿಡಿದು ಎಳೆದುತಂದ. ಸರ್ಟಿಫಿಕೇಟುಗಳನ್ನು ಬಚ್ಚಲ ಒಲೆಗೆ ಹಾಕಿದ. ಆ ದಿನ ಸಂಜೆ ನಾನು ಬಿಸಿನೀರಿನಲ್ಲಿ ಸ್ನಾನ ಮಾಡಿದೆ.

ನಾಲ್ಕು ತಿಂಗಳ ಮೇಲೆ ಒಗೆದ ಬಟ್ಟೆ ಹರವುತ್ತ ಮತ್ತೆ ನನ್ನ ಹತ್ತಿರವೇ ಬಂದಳು. ಬೆಳಗಾವಿಗೆ ಹೋಗುತ್ತೇನೆ, ಅಲ್ಲಿ ಗೆಳತಿ ಇದ್ದಾಳೆ, ಯಾರಿಗೂ ಹೇಳಬೇಡ ಎಂದಳು. ಮತ್ತೆ ನನ್ನನ್ನೇ ನಂಬಿದಳಲ್ಲ ಎಂದು ಕಣ್ಣಲ್ಲಿ ನೀರು ಬಂದಿತ್ತು. ಮರುದಿನ ಅಣ್ಣ ಕೇಳಿದ. ಮತ್ತೆ ಹೇಳಿದೆ. ಅಣ್ಣ ಎರಡು ದಿನ ಬೆಳಗಾವಿಯೆಲ್ಲ ತಿರುಗಿ ಬರಿಗೈಯಲ್ಲಿ ಬಂದ. ಅವಳು ಸಿಗಲಿಲ್ಲವೆಂದು ನನಗೆ ಸಮಾಧಾನವಾಯಿತು, ಆದರೆ ಹೇಳಿದವಳು ನಾನೇ ಎಂಬುದು ಮೂವತ್ತೆರಡು ವರ್ಷ ಒಳಗೇ ಕೂತಿತು. ಅದರ ಮೇಲೆ ಕಂಪೌಂಡರನನ್ನೂ ಚಪ್ಪಲಿಯನ್ನೂ ಪೇರಿಸಿದೆ. ರೋಮಿನ ಇತಿಹಾಸಕಾರರ ಮೇಲೆ ನನಗೇಕೆ ಅಷ್ಟು ಸಿಟ್ಟು ಎಂದು ಆ ಬೆಂಚಿನ ಮೇಲೆ ಗೊತ್ತಾಯಿತು. ಅವರ ಕಸುಬು ನನಗೆ ಒಳಗಿನಿಂದ ಗೊತ್ತಿತ್ತು.

ರೈಸ್‌ವೈಕ್

ಟ್ರಾಮ್ ಇಳಿಯುವಾಗ ಕಾರ್ಡು ತೋರಿಸುವುದನ್ನು ಮರೆತು, ಮತ್ತೆ ಹತ್ತಿ, ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡದ್ದರಿಂದ ಒಂದು ಸ್ಟಾಪು ಮುಂದೆ ಹೋಗಿ ನಡೆದುಬಂದೆ. ಆದರೂ ಹತ್ತು ನಿಮಿಷ ಮೊದಲೇ ಮುಟ್ಟಿದೆ. ವೈನಿಯ ಮನೆಯ ಕಿಟಕಿಗೂ ಪರದೆಯಿರಲಿಲ್ಲ. ಒಳಗೆ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತಿದ್ದಳು. ನನ್ನನ್ನು ನೋಡಿದಳು. ಗೋಡೆಯ ಗಡಿಯಾರ ನೋಡಿದಳು. ಮತ್ತೆ ಪೇಪರ್ ಓದಿದಳು. ಸರಿಯಾಗಿ ಮೂರಕ್ಕೆ ಬಾಗಿಲು ತೆರೆಯಿತು.

"ಬಾ. ಚಪ್ಪಲಿ ಬಿಡು. ಚಹಾನೋ ಕಾಫೀನೋ?"

ಚಹಾ ಎಂದೆ. ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಟ್ಟು ಮುಚ್ಚಿದಳು. ಇವರ ಪದ್ಧತಿ ಇಷ್ಟು ಬೇಗ ಮೈಗೂಡಿತೇ ಎಂದು ಮನಸ್ಸಿನಲ್ಲಿ ಹಂಗಿಸಿಕೊಂಡೆ. ಆಮೇಲೆ ಲೆಕ್ಕ ಹಾಕಿದರೆ ಅವಳು ನಮ್ಮ ಮನೆಯಲ್ಲಿದ್ದದ್ದು ಐದು ವರ್ಷ, ಇಲ್ಲಿ ಇಪ್ಪತ್ತನಾಲ್ಕು.

"ಅಣ್ಣ ಹ್ವಾದ ವರ್ಷ ತೀರಿಕೊಂಡ, ವೈನಿ" ಎಂದೆ.

"ಗೊತ್ತಾತು. ಯಾರೋ ಹೇಳಿದ್ರು. ಸಕ್ರಿ ಎಷ್ಟು?"

ಕೈ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಇಲ್ಲಿ ಶೌಚಾಲಯದ ಗೋಡೆಗೆ ಹುಟ್ಟುಹಬ್ಬಗಳ ಕ್ಯಾಲೆಂಡರ್ ತೂಗುಹಾಕುತ್ತಾರೆ. ದೇವರ ಮನೆಯಲ್ಲೋ ಅಡುಗೆಮನೆಯಲ್ಲೋ ಜಾಗ ಸಿಗಲಿಲ್ಲವೇ ಇವರಿಗೆ? ವೈನಿಯ ಕ್ಯಾಲೆಂಡರಿನಲ್ಲಿ ಡಚ್ ಹೆಸರುಗಳಿದ್ದವು, ನಾಲ್ಕೈದು ತೆಲುಗು ಹೆಸರು, ಎರಡು ಕನ್ನಡದವು. ನಾನು ಹುಟ್ಟಿದ ತಿಂಗಳು ತಿರುವಿ ನೋಡಿದೆ. ಆ ತಾರೀಖಿನ ಎದುರು ಏನೂ ಇರಲಿಲ್ಲ. ಅಲ್ಲಿ ಯಾವ ಮುಖ ಇಟ್ಟುಕೊಂಡು ಹುಡುಕಿದೆನೋ.

ಬಂದು ಕೂತ ಮೇಲೆ ವೈನಿ ನೇರವಾಗಿ ಕೇಳಿದಳು. "ಹೇಳು. ನನ್ನ ಬಗ್ಗೆ ಮನ್ಯಾಗ ಏನ್ ಹೇಳ್ತೀರಿ?"

"ಏನಿಲ್ಲ ವೈನಿ."

"ಮೊನ್ನೆ ಅಷ್ಟ್ ಮಂದಿ ಮುಂದ ಹೇಳ್ದಿ, ಕೂತವರು ಓಡಿದವರ ಬಗ್ಗೆ ಏನೇನೋ ಬರೀತಾರ ಅಂತ. ನಂದೂ ಕಥಿ ಇರಬೇಕಲ್ಲ. ಹೇಳು, ಕೇಳೂಣಂತ."

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ನೆಲ ನೋಡುತ್ತ ಹೇಳತೊಡಗಿದೆ. ಮದುವೆ ಮನೆಗಳಲ್ಲಿ ಹತ್ತು ನಿಮಿಷ ಹಿಡಿಯುವ ಕಥೆ ಎರಡೇ ನಿಮಿಷದಲ್ಲಿ ಮುಗಿಯಿತು.

"ಕಂಪೌಂಡರ್ ಯಾರು?" ಎಂದಳು.

"ಎದುರಿನ ದವಾಖಾನಿಯವ. ಅದೇ ತಿಂಗಳ ಅವನೂ ಊರು ಬಿಟ್ಟಿದ್ದ."

"ಆ ಮುದುಕ? ಅವ ರಿಟೈರ್ ಆಗಿ ಮಗನ ಮನಿಗೆ ಹೋದ. ಇರ್ಲಿ. ಹಿತ್ತಲ ಗ್ವಾಡಿ ಯಾಕ ಹಾರ್ಲಿ ನಾನು? ಮುಂಬಾಗ್ಲಾ ತಗದಿತ್ತು. ನಿಮ್ಮವ್ವ ದೇವರ ಪೂಜಿಗೆ ಕೂತಿದ್ರು."

"ಹೌದು."

"ಮತ್ತ ಒಂದಽ ಚಪ್ಪಲಿ? ಅದನ್ನ ನೋಡಿದವರು ಯಾರು?"

ನಾನು ಚಹಾದಲ್ಲಿ ಚಮಚ ಆಡಿಸಿದೆ.

"ಎರಡೂ ಇದ್ವು ಕುಮುದಾ. ಬಾಟಾ ಅಂಗಡೀವು. ಉಂಗುಟ ಕಡಿದಿತ್ತು, ಹೊಲಿಸಿಕೊಂಡು ಹೈದರಾಬಾದಿನ್ಯಾಗ ಇನ್ನೂ ಒಂದು ವರ್ಷ ಹಾಕ್ಕೊಂಡೆ."

"ಹೈದರಾಬಾದ್?" ಎಂದೆ. "ನೀವು ಬೆಳಗಾವಿಗೆ ಹೋಗಿ, ಅಲ್ಲಿಂದ..."

"ಬೆಳಗಾವಿಗೆ ನಾ ಯಾವಾಗ ಹೋದೆ?"

ಇನ್ನು ತಡೆಯಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಮೊದಲ ಸಲ ಬಸ್‌ಸ್ಟ್ಯಾಂಡಿನ ಸುದ್ದಿ ಕೊಟ್ಟದ್ದು ನಾನು. ಎರಡನೆಯ ಸಲವೂ, ನೀವು ನಂಬಿ ಹೇಳಿದ ಮೇಲೂ, ಅಣ್ಣನಿಗೆ ಬೆಳಗಾವಿ ಎಂದು ಹೇಳಿದವಳು ನಾನೇ. ಎರಡು ಸಲ ದ್ರೋಹ ಮಾಡಿದೆ. ಚಹಾ ಬಟ್ಟಲು ಕೆಳಗಿಟ್ಟೆ.

ವೈನಿ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಕರುಣೆಯಾಗಲಿ ಸಿಟ್ಟಾಗಲಿ ಇರಲಿಲ್ಲ. ಲ್ಯಾಬಿನಲ್ಲಿ ಗಾಜಿನ ತುಣುಕೊಂದನ್ನು ಬೆಳಕಿಗೆ ಹಿಡಿದು ನೋಡುವವರ ಮುಖ ಅದು.

"ಹುಚ್ಚಿ" ಎಂದಳು. "ಮೊದಲ್ನೇ ಸಲ ನೀ ಹೇಳಿದ್ದಿ ಅಂತ ನನಗ ಅದೇ ದಿನ ಗೊತ್ತಾತು. ನಿನಗ ಬಿಟ್ಟು ಮತ್ಯಾರಿಗೂ ನಾ ಹೇಳಿರಲಿಲ್ಲ. ಎರಡ್ನೇ ಸಲ ನಿನ್ನ ಹತ್ರ ಯಾಕ ಬಂದೆ ಅಂತ ತಿಳದಿ?"

"ನಂಬಿ..."

"ಹೌದು, ಪೂರಾ ನಂಬಿದ್ದೆ. ನೀ ಹೇಳೇ ಹೇಳ್ತಿ ಅಂತ. ನಿಮ್ಮಣ್ಣ ಎರಡು ದಿನ ಬೆಳಗಾವ್ಯಾಗ ತಿರುಗಿದ. ನಾ ಹುಬ್ಬಳ್ಳಿಗೆ ಹೋಗಿ, ಗದಗ, ಗುಂತಕಲ್ ಮ್ಯಾಲೆ ಹೈದರಾಬಾದ್ ಮುಟ್ಟಿದೆ. ನನಗ ಬೇಕಾದದ್ದು ಆ ಎರಡು ದಿನ."

ಮೂವತ್ತೆರಡು ವರ್ಷ ಹೊತ್ತುಕೊಂಡು ತಿರುಗಿದ ಆ ಎರಡನೆಯ ಸಲದ ಪಾಪ ಪಾಪವೇ ಆಗಿರಲಿಲ್ಲ. ಆದರೆ ಹಗುರವೂ ಆಗಲಿಲ್ಲ. ದ್ರೋಹಿ ಎಂದು ಬೈಸಿಕೊಂಡಿದ್ದರೆ ಒಂದು ಘನತೆಯಾದರೂ ಉಳಿಯುತ್ತಿತ್ತು. ಇಲ್ಲಿ ನಾನು ದ್ರೋಹಿಯೂ ಅಲ್ಲ. ಎಲ್ಲಿ ತಿರುಗಿಸಿದರೆ ಅಲ್ಲಿ ತೋರಿಸುವ ಕೈಮರದಂಥವಳು. ನನ್ನ ಹೇಡಿತನದ ಮೇಲೆ ಅವಳು ಅಷ್ಟು ನಿಖರವಾಗಿ ಲೆಕ್ಕ ಕಟ್ಟಿದ್ದಳು, ಅದು ಒಂದಿಷ್ಟೂ ತಪ್ಪಿರಲಿಲ್ಲ.

"ಸರ್ಟಿಫಿಕೇಟು ಸುಟ್ಟಿದ್ವಲ್ಲ" ಎಂದೆ, ಏನಾದರೂ ಹೇಳಬೇಕೆಂದು.

"ಡುಪ್ಲಿಕೇಟ್ ತಗಸ್ಲಿಕ್ಕೆ ಒಂದು ವರ್ಷ ಹಿಡೀತು. ಅಲ್ಲಿ ತನಕ ಒಂದು ನರ್ಸಿಂಗ್ ಹೋಮಿನ್ಯಾಗ ಬಾಟ್ಲಿ ತೊಳದೆ. ಆಮ್ಯಾಲ ಲ್ಯಾಬು. ಅಲ್ಲಿಯ ಡಾಕ್ಟರಮ್ಮ ಒಬ್ಬಾಕಿ ಇಲ್ಲಿಗೆ ಬಂದಾಗ ನನ್ನನ್ನೂ ಕರೆಸಿಕೊಂಡ್ಳು."

"ನನ್ನ ಮ್ಯಾಲ ಸಿಟ್ಟದ ಏನು?"

"ಇತ್ತು. ಭಾಳ ವರ್ಷ ಇತ್ತು. ಆಮ್ಯಾಲ ಡಚ್ ಕಲೀಬೇಕಾತು, ಟೈಮ್ ಸಿಗಲಿಲ್ಲ."

ಬೀದಿಯಲ್ಲಿ ಒಬ್ಬ ಹೆಂಗಸು ಸೈಕಲ್ ಮುಂದಿನ ಪೆಟ್ಟಿಗೆಯಲ್ಲಿ ಇಬ್ಬರು ಮಕ್ಕಳನ್ನು ಹೇರಿಕೊಂಡು ಹೋದಳು. ವೈನಿ ಕೈಯೆತ್ತಿದಳು, ಅವಳೂ ಕೈಯೆತ್ತಿದಳು. ವೈನಿ ಗಡಿಯಾರ ನೋಡಿದಳು.

"ನಾಕೂವರಿ ಆತು. ಐದಕ್ಕ ನನ್ನ ಈಜಿನ ಕ್ಲಾಸ್ ಅದ. ಈಗ ಎರಡು ವರ್ಷ ಆತು ಕಲೀಲಿಕ್ಕೆ ಹತ್ತಿ."

ಬಾಗಿಲಲ್ಲಿ ಬಾಗಿ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದೆ. "ವೈನಿ, ಇದನ್ನ ಬರೀಲ್ಯಾ?"

"ಬರೀ. ನನ್ನ ಹೆಸರ ಬದಲ್ ಮಾಡು." ಒಂದು ಕ್ಷಣ ಯೋಚಿಸಿದಳು. "ನಿಂದು ಹಂಗಽ ಇರ್ಲಿ."

ಧಾರವಾಡ

ಬಂದು ಎರಡು ವಾರಕ್ಕೆ ಚಿಕ್ಕಪ್ಪನ ಮೊಮ್ಮಗಳ ತೊಟ್ಟಿಲ ಶಾಸ್ತ್ರ. ಊಟವಾದ ಮೇಲೆ ನಡುಮನೆಯಲ್ಲಿ ಹೆಂಗಸರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕೂತರು. ಪರದೇಶ ಸುತ್ತಿ ಬಂದಿದ್ದೇನೆಂದು ನನ್ನನ್ನು ನಡುವೆ ಕೂಡಿಸಿದರು. ಅಲ್ಲಿ ಮಜ್ಜಿಗೆಗೆ ಉಪ್ಪಿಲ್ಲ ಎಂದಾಗ ಎಲ್ಲರೂ ಆ ದೇಶಕ್ಕಾಗಿ ಮರುಗಿದರು. ಅಮ್ಮನ ತಂಗಿ ಮಾಲತಿ ಮೌಶಿಗೆ ಎಂಬತ್ತು ದಾಟಿದೆ. ಗೋಡೆಗೆ ಒರಗಿ ಕೂತವರು, "ಸಣ್ಣ ಹುಡುಗ್ಯಾರು ಕೇಳಿಲ್ಲ, ಆ ಓಡಿಹೋದಾಕಿ ಕಥಿ ಹೇಳು ಕುಮುದಾ" ಎಂದರು.

ಹೊಸದಾಗಿ ಸೊಸೆಯಾಗಿ ಬಂದ ಇಬ್ಬರು ಹುಡುಗಿಯರು ಹತ್ತಿರ ಸರಿದು ಕೂತರು.

"ಸುಧಾ ವೈನಿ ಎರಡು ಸಲ ಹೋದ್ರು" ಎಂದು ಶುರು ಮಾಡಿದೆ. "ಮೊದಲ್ನೇ ಸಲ ಅವರನ್ನ ಹಿಡಿಸಿಕೊಟ್ಟಾಕಿ ನಾನು."

ಎಲೆಗೆ ಸುಣ್ಣ ಹಚ್ಚುತ್ತಿದ್ದವರ ಕೈ ನಿಂತಿತು. ನಾನು ನಿಲ್ಲಿಸಲಿಲ್ಲ. ಹುಬ್ಬಿನ ಗಾಯ ಹೇಳಿದೆ. ಬಚ್ಚಲ ಒಲೆ ಹೇಳಿದೆ. ಅಣ್ಣನ ಹೆಸರು ಹೇಳಿಯೇ ಹೇಳಿದೆ. ಅವನ ವರ್ಷಾಂತಿಕ ಮುಗಿದು ತಿಂಗಳಾಗಿರಲಿಲ್ಲ. ಕಂಪೌಂಡರ್ ಇರಲಿಲ್ಲ ಎಂದೆ, ಗೋಡೆ ಹಾರಲಿಲ್ಲ ಎಂದೆ, ಮುಂಬಾಗಿಲಿನಿಂದ ಎರಡೂ ಚಪ್ಪಲಿ ಹಾಕಿಕೊಂಡು ಹೋದಳು ಎಂದೆ. ಬೆಳಗಾವಿಯನ್ನು ನನ್ನ ಬಾಯಿಂದ ಹೇಳಿಸಿ, ಹುಬ್ಬಳ್ಳಿಯಿಂದ ರೈಲು ಹತ್ತಿದ್ದು ಹೇಗೆಂದೂ ಹೇಳಿದೆ. ಯಾರೂ ನಗಲಿಲ್ಲ. ಯಾರೋ ಎದ್ದು, ಕೂಸು ಎದ್ದಿತೇನೋ ಎಂದು ಒಳಗೆ ಹೋದರು. ಕೂಸು ಎದ್ದಿರಲಿಲ್ಲ. ಇಬ್ಬರು ಹೊಸ ಸೊಸೆಯಂದಿರಲ್ಲಿ ಒಬ್ಬಳು ಮಾತ್ರ ನನ್ನ ಮುಖದಿಂದ ಕಣ್ಣು ತೆಗೆಯದೆ, "ಹುಬ್ಬಳ್ಳಿಯಿಂದ ಆ ಗಾಡಿ ಎಷ್ಟಕ್ಕ ಬಿಡ್ತದ?" ಎಂದು ಕೇಳಿದಳು. ಅವಳ ಅತ್ತೆ ಅವಳ ಮೊಣಕೈ ಒತ್ತಿದಳು.

ಮಾಲತಿ ಮೌಶಿ ಎಲೆಯ ತೊಟ್ಟು ಮುರಿದು ಮಡಚಿ ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದರು.

"ಮೊದಲಿನ ಕಥೀನಽ ಛಲೋ ಇತ್ತು ಬಿಡು" ಎಂದರು.